ಅಪರಾಧದ ದಿನ ಅವನ ವಯಸ್ಸೆಷ್ಟಿತ್ತು? ಗೃಹ ಸಚಿವರಿಗೆ ಕೊಡಗಿನಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: 18 ವರ್ಷ ತುಂಬುವ ಮೊದಲು ನಡೆದ ಅಪರಾಧಕ್ಕಾಗಿ ಜೈಲಿನಲ್ಲಿರುವವರ ಪೆರೋಲ್ ಮತ್ತು ಅವಧಿಪೂರ್ವ ಬಿಡುಗಡೆ ಕುರಿತು.

ಮಾನ್ಯರೇ,

ನಾನು ದಕ್ಷಿಣ ಕೊಡಗಿನ ಸರ್ಕಾರಿ ಪ್ರಾಥಮಿಕ ಶಾಲೆಯಿಂದ ಮುಖ್ಯ ಶಿಕ್ಷಕನಾಗಿ ನಿವೃತ್ತನಾದವನು. ನಿವೃತ್ತಿಯ ನಂತರ ಅರೆಕಾನೂನು ಸ್ವಯಂಸೇವಕನಾಗಿ, ಜೈಲಿನಲ್ಲಿರುವವರ ಮನೆಯವರಿಗೆ ಅರ್ಜಿ ಬರೆದುಕೊಡುವುದು, ಹಳೆಯ ದಾಖಲೆ ಹುಡುಕಿಕೊಡುವುದು ಮುಂತಾದ ಸಣ್ಣಪುಟ್ಟ ಕೆಲಸ ಮಾಡುತ್ತಿದ್ದೇನೆ. ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ರಾಜ್ಯದ ಕಾರಾಗೃಹಗಳಲ್ಲಿ ದೀರ್ಘ ಶಿಕ್ಷೆ ಅನುಭವಿಸುತ್ತಿರುವ ಪ್ರತಿಯೊಬ್ಬರ ಕಡತದಲ್ಲೂ ಅಪರಾಧ ನಡೆದ ದಿನ ಅವರ ವಯಸ್ಸು ಎಷ್ಟಿತ್ತು ಎಂಬುದನ್ನು ದಾಖಲೆ ಸಹಿತ ಖಚಿತಪಡಿಸಬೇಕು. ಆ ದಿನ 18 ತುಂಬಿರಲಿಲ್ಲ ಎಂದು ಕಂಡುಬಂದವರನ್ನು ವಯಸ್ಕ ಕೈದಿಗಳ ಸಾಲಿನಲ್ಲೇ ನಿಲ್ಲಿಸದೆ, ಅವರ ಪೆರೋಲ್ ಮತ್ತು ಬಿಡುಗಡೆಯನ್ನು ಪ್ರತ್ಯೇಕವಾಗಿ, ಗೊತ್ತುಪಡಿಸಿದ ಕಾಲಕ್ಕೆ ಪರಿಶೀಲಿಸುವ ನಿಯಮವೊಂದನ್ನು ತಾವು ಹೊರಡಿಸಬೇಕು.

ಇಂಥ ಕೈದಿಗಳಲ್ಲಿ ಎರಡು ಬಗೆ. ಅಪರಾಧ ನಡೆದಾಗ ಮಕ್ಕಳಾಗಿದ್ದರೂ ಯಾವ ಹಂತದಲ್ಲೂ ಯಾರೂ ಅದನ್ನು ಗಮನಿಸದೆ, ದೊಡ್ಡವರೆಂದೇ ವಿಚಾರಣೆಗೊಳಗಾಗಿ ಶಿಕ್ಷೆ ಪಡೆದವರು ಮೊದಲನೆಯವರು. ಮಕ್ಕಳೆಂದು ಗೊತ್ತಿದ್ದೂ, 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ವಯಸ್ಕರಂತೆ ವಿಚಾರಣೆ ಎದುರಿಸಿದ 16ರಿಂದ 18ರ ನಡುವಿನವರು ಎರಡನೆಯವರು. ಇಬ್ಬರ ಕಷ್ಟವೂ ಬೇರೆ, ಪರಿಹಾರವೂ ಬೇರೆ.

ಮೊದಲನೆಯವರ ವಿಷಯದಲ್ಲಿ ಕಾನೂನು ಸಾಕಷ್ಟು ಉದಾರವಾಗಿದೆ. 1986ರ ಕಾಯ್ದೆಯಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ಎಂದಿದ್ದ ಮಿತಿಯನ್ನು 2001ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಕಾಯ್ದೆ ಇಬ್ಬರಿಗೂ 18 ಎಂದು ಮಾಡಿತು. 2006ರ ತಿದ್ದುಪಡಿ ಮತ್ತು ಈಗಿನ ಕಾಯ್ದೆಯ 9ನೇ ಕಲಮಿನ ಪ್ರಕಾರ, ತಾನು ಆಗ ಬಾಲಕನಾಗಿದ್ದೆ ಎಂಬ ವಾದವನ್ನು ಯಾವ ನ್ಯಾಯಾಲಯದಲ್ಲಾದರೂ, ಯಾವ ಹಂತದಲ್ಲಾದರೂ, ಪ್ರಕರಣ ಅಂತಿಮವಾಗಿ ಮುಗಿದ ಮೇಲೂ ಎತ್ತಬಹುದು. ಆದರೆ ಆ ವಾದ ಎತ್ತಬೇಕಾದವನು ಜೈಲಿನ ಒಳಗಿರುತ್ತಾನೆ, ಅದಕ್ಕೆ ಬೇಕಾದ ಕಾಗದ ಯಾವುದೋ ಊರಿನ ಶಾಲೆಯ ಬೀರುವಿನಲ್ಲಿರುತ್ತದೆ. ಇವೆರಡರ ನಡುವೆ ಎಷ್ಟು ವರ್ಷ ಹೋಗಬಹುದು ಎಂಬುದಕ್ಕೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ತಮ್ಮ ಗಮನಕ್ಕೆ ತರುತ್ತೇನೆ. 1994ರಲ್ಲಿ ಪುಣೆಯಲ್ಲಿ ನಡೆದ ಏಳು ಜನರ ಕೊಲೆಗಾಗಿ ಮರಣದಂಡನೆಗೆ ಗುರಿಯಾಗಿದ್ದ ಒಬ್ಬಾತ, ಕೃತ್ಯ ನಡೆದಾಗ 12 ವರ್ಷ ದಾಟಿದ್ದ ಹುಡುಗ ಎಂಬುದು ರಾಜಸ್ಥಾನದ ಶಾಲೆಯೊಂದರ ದಾಖಲೆಯಿಂದ ಖಚಿತವಾಗಿ 2023ರ ಮಾರ್ಚ್‌ನಲ್ಲಿ ಬಿಡುಗಡೆಯಾದ. ಹೆಚ್ಚೆಂದರೆ ಮೂರು ವರ್ಷ ಬಾಲಕರ ವಿಶೇಷ ಗೃಹದಲ್ಲಿ ಇರಬೇಕಾಗಿದ್ದವನು 28 ವರ್ಷ ಜೈಲಿನಲ್ಲಿದ್ದ. ಅದೇ 1994ರ ಡೆಹ್ರಾಡೂನಿನ ಇನ್ನೊಂದು ಕೊಲೆ ಪ್ರಕರಣದಲ್ಲಿ 14 ವರ್ಷದವನಾಗಿದ್ದ ಹುಡುಗನಿಗೆ ಮರಣದಂಡನೆ ವಿಧಿಸಲಾಗಿತ್ತು. 2012ರಲ್ಲಿ ರಾಷ್ಟ್ರಪತಿಗಳು ಅದನ್ನು ಜೀವಾವಧಿಗೆ ಇಳಿಸಿದರಾದರೂ 60 ವರ್ಷ ತುಂಬುವವರೆಗೆ ಬಿಡುವಂತಿಲ್ಲ ಎಂಬ ಷರತ್ತು ಅದಕ್ಕಿತ್ತು. ಸುಮಾರು 25 ವರ್ಷದ ಸೆರೆವಾಸದ ನಂತರ, 2025ರ ಜನವರಿಯಲ್ಲಿ, ಸುಪ್ರೀಂ ಕೋರ್ಟು ಆತನನ್ನು ಬಿಡುಗಡೆ ಮಾಡಿತು. ವಿಚಾರಣಾ ನ್ಯಾಯಾಲಯ ಆತನನ್ನು ಪ್ರಾಪ್ತ ವಯಸ್ಕನೆಂದು ಪರಿಗಣಿಸಲು ಸಿಕ್ಕ ಆಧಾರಗಳಲ್ಲಿ ಒಂದು, ಆತನ ಹೆಸರಿನಲ್ಲಿ ಬ್ಯಾಂಕ್ ಖಾತೆ ಇತ್ತು ಎಂಬುದು.

ಈ ಬ್ಯಾಂಕ್ ಖಾತೆಯ ಸಂಗತಿಯನ್ನು ಓದಿದಾಗ ನನಗೆ ನಮ್ಮ ಎಸ್ಟೇಟುಗಳಲ್ಲಿ ಕೂಲಿಯಾಳುಗಳ ಹಾಜರಿ ಬರೆಯುವ ಪುಸ್ತಕವಾದ ಚೆಕ್‌ರೋಲ್ ನೆನಪಾಯಿತು. ಕಾಫಿ ಕೊಯ್ಲಿನ ಕಾಲಕ್ಕೆ ಶಾಲೆ ಬಿಟ್ಟು ತಾಯಿಯ ಜೊತೆ ತೋಟಕ್ಕೆ ಇಳಿದ 15ರ ಹುಡುಗನನ್ನು ತೋಟದ ಗುಮಾಸ್ತರಾದ ರೈಟರು ಪೂರ್ಣ ಕೂಲಿಯ ಆಳೆಂದೇ ಬರೆದುಕೊಳ್ಳುತ್ತಾರೆ. ಕಾರ್ಮಿಕ ಇಲಾಖೆಯ ತನಿಖೆಗೆ ಸಿಕ್ಕಿಬೀಳಬಾರದೆಂದು ವಯಸ್ಸಿನ ಕಾಲಮ್ಮಿನಲ್ಲಿ 18 ಅಥವಾ 19 ಎಂದು ತುಂಬುತ್ತಾರೆ. ಮುಂದೊಂದು ದಿನ ಕೂಲಿಗಳು ಸಾಲಾಗಿ ವಾಸಿಸುವ ಲೈನ್ ಮನೆಯಲ್ಲಿ ಹೊಡೆದಾಟವಾಗಿ ಪೊಲೀಸರು ಬಂದರೆ ಅವರಿಗೆ ಮೊದಲು ಸಿಗುವ ಕಾಗದ ಈ ಚೆಕ್‌ರೋಲೇ. ಎಫ್‌ಐಆರ್‌ನಲ್ಲಿ ‘ಸುಮಾರು 19 ವರ್ಷ’ ಎಂದು ದಾಖಲಾದದ್ದು ದೋಷಾರೋಪ ಪಟ್ಟಿಗೆ, ಅಲ್ಲಿಂದ ತೀರ್ಪಿಗೆ, ತೀರ್ಪಿನಿಂದ ಜೈಲಿನ ಪುಸ್ತಕಕ್ಕೆ ಹಾಗೆಯೇ ಸಾಗುತ್ತದೆ. ‘ಸುಮಾರು’ ಎಂಬ ಪದವೂ ದಾರಿಯಲ್ಲೆಲ್ಲೋ ಬಿದ್ದುಹೋಗುತ್ತದೆ.

ಹೆಸರಿನ ತೊಡಕು ಇದಕ್ಕಿಂತ ದೊಡ್ಡದು. ಎರವ, ಜೇನುಕುರುಬ, ಬೆಟ್ಟಕುರುಬ ಕುಟುಂಬಗಳ ಮಕ್ಕಳಿಗೆ ಹಾಡಿಯಲ್ಲಿ ಕರೆಯುವ ಹೆಸರು ಒಂದು, ಆಶ್ರಮ ಶಾಲೆಯಲ್ಲಿ ಮೇಷ್ಟರು ಬರೆದ ಹೆಸರು ಇನ್ನೊಂದು, ಚೆಕ್‌ರೋಲಿನಲ್ಲಿ ಮತ್ತೊಂದು. ತಂದೆಯ ಹೆಸರಿನ ಮೊದಲಕ್ಷರವೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಗಿರುತ್ತದೆ. ಇದನ್ನು ಓದಿ ಈ ಸಮುದಾಯಗಳಲ್ಲೇ ಅಪರಾಧ ಹೆಚ್ಚೆಂದು ಯಾರಾದರೂ ಅರ್ಥಮಾಡಿಕೊಂಡರೆ ಅದು ತಪ್ಪು. ಅಪರಾಧ ಎಲ್ಲ ಮನೆಗಳಲ್ಲೂ ನಡೆಯುತ್ತದೆ, ಆದರೆ ಸ್ವಂತ ಮನೆಯ ಹುಡುಗನ ಜನನ ಪ್ರಮಾಣಪತ್ರ ಬಂಧನವಾದ ಮರುದಿನವೇ ವಕೀಲರ ಕೈ ಸೇರಿರುತ್ತದೆ, ಲೈನ್ ಮನೆಯ ಹುಡುಗನದು ಸೇರುವುದಿಲ್ಲ.

ಕಾಯ್ದೆಯ 94ನೇ ಕಲಮು ವಯಸ್ಸಿನ ನಿರ್ಣಯಕ್ಕೆ ಒಂದು ಕ್ರಮವನ್ನು ಹೇಳಿದೆ. ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಂಥ ದಾಖಲೆ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಮೂಳೆ ಪರೀಕ್ಷೆಯಲ್ಲಿ ಎರಡು ವರ್ಷದ ಏರುಪೇರು ಇರಬಹುದೆಂದು ಸುಪ್ರೀಂ ಕೋರ್ಟು 1982ರಷ್ಟು ಹಿಂದೆಯೇ ಗಮನಿಸಿದೆ. ಹುಡುಗ ಬೆಳೆದು 40ರ ಗಂಡಸಾದ ಮೇಲಂತೂ ಆ ಪರೀಕ್ಷೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಹಾಗಾಗಿ ಕೊನೆಗೆ ಎಲ್ಲವೂ ಶಾಲೆಯ ದಾಖಲಾತಿ ರಿಜಿಸ್ಟರಿಗೇ ಬಂದು ನಿಲ್ಲುತ್ತದೆ, ಮತ್ತು ಕೊಡಗಿನ ಹಳೆಯ ದಾಖಲಾತಿ ರಿಜಿಸ್ಟರು ಹೇಗಿರುತ್ತದೆ ಎಂಬುದನ್ನು ತಾವು ಒಮ್ಮೆ ನೋಡಬೇಕು. ಬಟ್ಟೆಯ ಬೆನ್ನಿನ ಉದ್ದನೆಯ ಪುಸ್ತಕ. ಪ್ರತಿ ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿ, ಬಿಡಿಸಲು ಹೋದರೆ ಶಾಯಿ ಆಚೆಯ ಪುಟಕ್ಕೆ ಮೂಡಿರುತ್ತದೆ. ಅಂಚನ್ನು ಗೆದ್ದಲು ತಿಂದಿರುತ್ತದೆ. ಜನ್ಮದಿನಾಂಕದ ಕಾಲಮ್ಮನ್ನು ಮೇಲಿನಿಂದ ಕೆಳಗೆ ಓದಿದರೆ ಜೂನ್ 1, ಜೂನ್ 1, ಜೂನ್ 1 ಎಂದೇ ಇರುತ್ತದೆ, ಏಕೆಂದರೆ ಹುಟ್ಟಿದ ದಿನ ಹೇಳಲಾಗದ ಪೋಷಕರ ಮಕ್ಕಳಿಗೆ ಶಾಲೆ ತೆರೆಯುವ ಹೊತ್ತಿನ ದಿನವನ್ನೇ ಬರೆಯುವುದು ರಾಜ್ಯದ ಹಳ್ಳಿ ಶಾಲೆಗಳಲ್ಲೆಲ್ಲ ನಡೆದುಬಂದ ರೂಢಿ. ಮಕ್ಕಳಿಲ್ಲದೆ ಮುಚ್ಚಿದ ಶಾಲೆಗಳ ಪುಸ್ತಕಗಳು ಪಕ್ಕದ ಶಾಲೆಗೋ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೋ ಹೋಗಿ ಮೂಟೆಯೊಳಗೆ ಕುಳಿತಿವೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮನೆಯ ಜೊತೆಗೇ ಎಲ್ಲ ಕಾಗದಪತ್ರ ಕಳೆದುಕೊಂಡವರೂ ಇಲ್ಲಿದ್ದಾರೆ. ಜೈಲಿನೊಳಗೆ ಕುಳಿತವನು ಇದನ್ನೆಲ್ಲ ಹುಡುಕಿ ತರಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಹುಡುಕುವ ಹೊಣೆ ಸರ್ಕಾರದ್ದಾಗಬೇಕು. ಜೈಲುಗಳಲ್ಲಿರುವ ಬಾಲಕರನ್ನು ಗುರುತಿಸಲು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2024ರಲ್ಲಿ ದೇಶವ್ಯಾಪಿ ಅಭಿಯಾನವನ್ನೇ ನಡೆಸಿತು. ಅಭಿಯಾನ ಮುಗಿದ ಮೇಲೂ ಅದು ದಿನನಿತ್ಯದ ಕೆಲಸವಾಗಿ ಮುಂದುವರಿಯಬೇಕು.

ಎರಡನೆಯ ಬಗೆಯವರಿಗೆ ಬರುತ್ತೇನೆ. 2012ರ ಡಿಸೆಂಬರಿನ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ಬಾಲಾಪರಾಧಿ ಮೂರು ವರ್ಷಕ್ಕೆ ಬಿಡುಗಡೆಯಾದಾಗ ದೇಶದಲ್ಲಿ ಎದ್ದ ಆಕ್ರೋಶದ ನಡುವೆ ರಾಜ್ಯಸಭೆ ಒಪ್ಪಿದ ಕಾಯ್ದೆ 2016ರ ಜನವರಿ 15ರಿಂದ ಜಾರಿಯಲ್ಲಿದೆ. ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಘೋರ ಅಪರಾಧವನ್ನು 16 ತುಂಬಿದ ಹುಡುಗ ಮಾಡಿದರೆ, ಬಾಲನ್ಯಾಯ ಮಂಡಳಿ ಆತನ ಮಾನಸಿಕ ಸಾಮರ್ಥ್ಯ, ಪರಿಣಾಮದ ಅರಿವು ಮತ್ತು ಸಂದರ್ಭವನ್ನು ಅಳೆದು ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸಬಹುದು. ಅಲ್ಲಿ ಆತನನ್ನು ವಯಸ್ಕನಂತೆ ವಿಚಾರಿಸಬಹುದು. ಆದರೆ 21ನೇ ಕಲಮು ಒಂದು ಗೆರೆ ಎಳೆದಿದೆ: ಅಂಥವನಿಗೆ ಮರಣದಂಡನೆಯನ್ನಾಗಲಿ, ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿ ಶಿಕ್ಷೆಯನ್ನಾಗಲಿ ವಿಧಿಸುವಂತಿಲ್ಲ. 1992ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 37ನೇ ವಿಧಿಯ ಮಾತೂ ಇದೇ.

ಬಿಡುಗಡೆಯ ಸಾಧ್ಯತೆ ಇದೆ ಎಂದ ಮೇಲೆ ಅದನ್ನು ಯಾರು, ಯಾವಾಗ ನೋಡುತ್ತಾರೆ? 21 ವರ್ಷದವರೆಗೆ ಹುಡುಗ ಜೈಲಿನಿಂದ ಬೇರೆಯಾದ ‘ಸುರಕ್ಷಿತ ಸ್ಥಳ’ ಎಂಬ ಸಂಸ್ಥೆಯಲ್ಲಿರುತ್ತಾನೆ, ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಅಧಿಕಾರಿ) ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಪ್ರತಿ ವರ್ಷ ಆತನ ಪ್ರಗತಿಯ ವರದಿ ಕೊಡಬೇಕು. 21 ತುಂಬಿದಾಗ 20ನೇ ಕಲಮಿನಂತೆ ಮಕ್ಕಳ ನ್ಯಾಯಾಲಯ ಒಮ್ಮೆ ಮೌಲ್ಯಮಾಪನ ಮಾಡಿ, ಷರತ್ತಿನ ಮೇಲೆ ಬಿಡಬಹುದು ಅಥವಾ ಉಳಿದ ಶಿಕ್ಷೆಗೆ ಜೈಲಿಗೆ ಕಳುಹಿಸಬಹುದು. ಜೈಲಿಗೆ ಹೋದ ಮೇಲೆ ವಾರ್ಷಿಕ ವರದಿಯೂ ಇಲ್ಲ, ಇನ್ನೊಂದು ಮೌಲ್ಯಮಾಪನವೂ ಇಲ್ಲ. ಆ ದಿನದಿಂದ ಆತ 40ನೇ ವಯಸ್ಸಿನಲ್ಲಿ ಲೆಕ್ಕ ಹಾಕಿ ಕೊಲೆ ಮಾಡಿದವನ ಪಕ್ಕದಲ್ಲಿ, ಅದೇ ಪಟ್ಟಿಯಲ್ಲಿ, ಬಿಡುಗಡೆಗೆ ಮುನ್ನ ಕಳೆಯಲೇಬೇಕಾದ ಅದೇ 14 ವರ್ಷದ ಎಣಿಕೆಯಲ್ಲಿ ನಿಲ್ಲುತ್ತಾನೆ. ಮನುಷ್ಯ ಅತಿ ಹೆಚ್ಚು ಬದಲಾಗುವ ವಯಸ್ಸಿನಲ್ಲೇ ಆತನನ್ನು ಯಾರೂ ನೋಡದಂತಾಗುವ ಈ ಅಂತರವನ್ನು ತುಂಬಲು ರಾಜ್ಯದ ನಿಯಮಗಳಿಗೆ ಅವಕಾಶವಿದೆ ಎಂದು ನನ್ನ ತಿಳಿವಳಿಕೆ. 14 ವರ್ಷದ ಕನಿಷ್ಠ ಮಿತಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಕಲಮಿನದು ನಿಜ. ಬಾಲ್ಯದ ಅಪರಾಧಕ್ಕೂ ಅದು ಅನ್ವಯಿಸಬೇಕೇ ಎಂಬ ವಾದವನ್ನು ವಕೀಲರಿಗೆ ಬಿಡುತ್ತೇನೆ. ಸಂವಿಧಾನದ 161ನೇ ವಿಧಿಯಡಿ ಶಿಕ್ಷೆ ಕಡಿಮೆ ಮಾಡಲು ರಾಜ್ಯಪಾಲರಿಗಿರುವ ಅಧಿಕಾರಕ್ಕೆ ಆ ಮಿತಿ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟು 2021ರಲ್ಲಿ ಮತ್ತೊಮ್ಮೆ ಹೇಳಿದೆ. ರಾಜ್ಯಪಾಲರು ಆ ಅಧಿಕಾರ ಬಳಸುವುದು ಸಚಿವ ಸಂಪುಟದ ಸಲಹೆಯಂತೆಯೇ ಆದ್ದರಿಂದ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ.

ಮಕ್ಕಳ ವಿಷಯದಲ್ಲಿ ನಮಗಿಂತ ಬಹಳ ಕಠಿಣವಾಗಿದ್ದ ಅಮೆರಿಕವೇ ಈ ದಾರಿಗೆ ಬಂದಿದೆ. 2005ರವರೆಗೆ ಅಲ್ಲಿ 16, 17ರ ಹುಡುಗರಿಗೂ ಮರಣದಂಡನೆ ವಿಧಿಸಬಹುದಿತ್ತು. ಆ ವರ್ಷ ಅವರ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿತು. 2010ರಲ್ಲಿ, ಕೊಲೆಯಲ್ಲದ ಅಪರಾಧಕ್ಕೆ ಬಾಲಕರನ್ನು ಪೆರೋಲ್ ಇಲ್ಲದ ಜೀವಾವಧಿಗೆ ತಳ್ಳುವಂತಿಲ್ಲ ಎಂದಿತು. 2012ರಲ್ಲಿ, ಕೊಲೆಗೂ ಅಂಥ ಶಿಕ್ಷೆಯನ್ನು ಕಡ್ಡಾಯವಾಗಿ ವಿಧಿಸುವಂತಿಲ್ಲ ಎಂದಿತು. 2016ರಲ್ಲಿ ಆ ತೀರ್ಪನ್ನು ಹಳೆಯ ಕೈದಿಗಳಿಗೂ ಅನ್ವಯಿಸಿತು. 2021ರ ತೀರ್ಪಿನಲ್ಲಿ ನ್ಯಾಯಾಲಯ ಸ್ವಲ್ಪ ಹಿಂದೆ ಸರಿದದ್ದೂ ಉಂಟು. ಆದರೆ ನನಗೆ ಮುಖ್ಯವೆನಿಸುವುದು ಅಲ್ಲಿನ ಕೆಲವು ರಾಜ್ಯಗಳು ತಾವಾಗಿಯೇ ಮಾಡಿಕೊಂಡ ಏರ್ಪಾಡು. ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ, ಎಳೆಯ ವಯಸ್ಸಿನಲ್ಲಿ ಅಪರಾಧ ಮಾಡಿದವರಿಗೆ ಶಿಕ್ಷೆಯ ಪ್ರಮಾಣಕ್ಕೆ ತಕ್ಕಂತೆ 15, 20 ಅಥವಾ 25ನೇ ವರ್ಷದಲ್ಲಿ ಪೆರೋಲ್ ವಿಚಾರಣೆ ಗೊತ್ತುಮಾಡಿತು. ಆ ವಿಚಾರಣೆಯಲ್ಲಿ ಬಾಲ್ಯದ ಅಪಕ್ವತೆಗೂ ಆನಂತರದ ಬೆಳವಣಿಗೆಗೂ ಹೆಚ್ಚಿನ ತೂಕ ಕೊಡಬೇಕೆಂದಿತು. ಬಿಟ್ಟೇ ಬಿಡಬೇಕೆಂದು ಅಲ್ಲಿ ಯಾರೂ ಹೇಳಿಲ್ಲ. ದಿನಾಂಕವೊಂದು ಇರಬೇಕು, ಆ ದಿನ ಯಾರಾದರೂ ಎದುರು ಕುಳಿತು ನೋಡಬೇಕು, ಅಷ್ಟೇ. ಅಲ್ಲಿ ಪೆರೋಲ್ ಎಂದರೆ ಷರತ್ತಿನ ಬಿಡುಗಡೆ, ನಮ್ಮಲ್ಲಿ ಅದು ಕೆಲವು ದಿನಗಳ ರಜೆ. ಆದರೂ ನಮ್ಮಲ್ಲಿ ಎರಡನೆಯದೇ ಮೊದಲನೆಯದಕ್ಕೆ ಮೆಟ್ಟಿಲು, ಏಕೆಂದರೆ ಹೊರಗೆ ಹೋಗಿ ಸಮಯಕ್ಕೆ ಸರಿಯಾಗಿ ಮರಳಿದವನು ಎಂಬುದು ಬಿಡುಗಡೆಯ ಕಡತದಲ್ಲಿ ಒಳ್ಳೆಯ ಮಾತಾಗುತ್ತದೆ.

ಆ ಮೆಟ್ಟಿಲನ್ನು ಹತ್ತುವುದು ಕೊಡಗಿನ ಕೂಲಿ ಕುಟುಂಬದವನಿಗೆ ಎಷ್ಟು ಕಷ್ಟ ಎಂಬುದನ್ನು ವಿವರವಾಗಿಯೇ ಹೇಳಬೇಕಾಗಿದೆ. ದೀರ್ಘ ಶಿಕ್ಷೆಯಾದವರನ್ನು ಮಡಿಕೇರಿಯಿಂದ ಮೈಸೂರಿನ ಕೇಂದ್ರ ಕಾರಾಗೃಹಕ್ಕೆ ಸಾಗಿಸುತ್ತಾರೆ. ಪೆರೋಲ್ ಅರ್ಜಿ ಬಂದಾಗ ಅಲ್ಲಿನ ಅಧಿಕಾರಿಗಳು ಊರಿನ ಠಾಣೆಯಿಂದ ವರದಿ ತರಿಸಿಕೊಳ್ಳುತ್ತಾರೆ. ಪೇದೆ ಹಳೆಯ ವಿಳಾಸದ ಲೈನ್ ಮನೆಗೆ ಹೋದರೆ ಅಲ್ಲಿ ಅಸ್ಸಾಮಿನ ಕಡೆಯ ಬೇರೊಂದು ಕುಟುಂಬ ಇರುತ್ತದೆ. ಹುಡುಗನ ತಾಯಿ ಮೇಸ್ತ್ರಿಯ ಜೊತೆ ಇನ್ನೊಂದು ತೋಟಕ್ಕೆ ಹೋಗಿರುತ್ತಾಳೆ, ಯಾವ ತೋಟ ಎಂದು ರೈಟರಿಗೂ ಗೊತ್ತಿರುವುದಿಲ್ಲ. ‘ಸದರಿ ವಿಳಾಸದಲ್ಲಿ ವಾಸವಿಲ್ಲ’ ಎಂಬ ಒಂದು ಸಾಲಿನ ವರದಿ ಮೈಸೂರಿಗೆ ಹೋಗುತ್ತದೆ, ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ತಾಯಿ ಸಿಕ್ಕರೂ ಜಾಮೀನಿಗೆ ಪಹಣಿ ಇರುವವರು ಬೇಕು. ತುಂಡು ಭೂಮಿಯೂ ಇಲ್ಲದವಳಿಗೆ ಪಹಣಿ ಕೊಡುವವರು ಯಾರು? ತೋಟದ ಮಾಲೀಕರನ್ನು ಕೇಳಬೇಕು. ಕೊಲೆ ಕೇಸಿನವನನ್ನು ತಮ್ಮ ಲೈನಿಗೆ ಸೇರಿಸಿಕೊಳ್ಳಲು ಅವರು ಹಿಂಜರಿದರೆ ಅವರನ್ನು ದೂರುವುದೂ ಕಷ್ಟ. ಶಕ್ತಿ ಯೋಜನೆ ಬಂದ ಮೇಲೆ ಇಂಥ ತಾಯಂದಿರಿಗೆ ಮೈಸೂರಿನ ಬಸ್ಸಿನ ಖರ್ಚು ತಪ್ಪಿದೆ, ಅದಕ್ಕೆ ಸರ್ಕಾರಕ್ಕೆ ಕೃತಜ್ಞತೆ ಹೇಳಲೇಬೇಕು. ಆದರೆ ಒಂದು ದಿನದ ಕೂಲಿ ಹೋಗುವುದು ತಪ್ಪಿಲ್ಲ, ಕೊಯ್ಲಿನ ಕಾಲದಲ್ಲಂತೂ ಆ ನಷ್ಟಕ್ಕೆ ಹೆದರಿ ತಿಂಗಳುಗಟ್ಟಲೆ ಮಗನನ್ನು ನೋಡದೆ ಉಳಿಯುವವರಿದ್ದಾರೆ. ಮನೆಯವರ ಭೇಟಿ ಕಡಿಮೆಯೆಂಬುದೂ ಮತ್ತೆ ಅವನ ಕಡತದಲ್ಲೇ ಸೇರುತ್ತದೆ.

ಇಲ್ಲಿನ ಅಪರಾಧಗಳ ಬಗೆಗೂ ಒಂದು ಮಾತು ಹೇಳಬೇಕು, ಕೆಲವರಿಗೆ ಇಷ್ಟವಾಗದಿರಬಹುದು. ಕೊಡವರಿಗೆ ಮತ್ತು ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, ಅದು 2029ರವರೆಗೆ ಮುಂದುವರಿದಿದೆ. ಕೈಲ್ ಮುಹೂರ್ತದ ದಿನ ಪೂಜೆಗೊಳ್ಳುವ ಆ ಕೋವಿಯ ಬಗ್ಗೆ ನನಗೆ ಗೌರವವಿದೆ, ವಿನಾಯಿತಿ ಬೇಡವೆಂದು ನಾನು ಹೇಳುತ್ತಿಲ್ಲ. ಕೂಲಿ ಹುಡುಗನ ಕೈಯಲ್ಲಿ ದಿನವಿಡೀ ಕತ್ತಿ ಇರುತ್ತದೆ, ಅದು ಅವನ ಕಸುಬಿನ ಉಪಕರಣ. ಪೇಟೆಯ 17ರ ಹುಡುಗ ಸಿಟ್ಟಿನಲ್ಲಿ ಕಲ್ಲೆತ್ತಿದರೆ ಅದು ಗಾಯದ ಕೇಸಾಗಿ ಮುಗಿಯಬಹುದು. ಅದೇ ವಯಸ್ಸಿನ, ಅದೇ ಸಿಟ್ಟಿನ ಹುಡುಗನ ಕೈಗೆ ಇಲ್ಲಿ ಕೋವಿಯೋ ಕತ್ತಿಯೋ ಸಿಕ್ಕಿದರೆ ಅದು ಕೊಲೆಯಾಗುತ್ತದೆ, ಕಾಯ್ದೆಯ ಭಾಷೆಯಲ್ಲಿ ಘೋರ ಅಪರಾಧವಾಗುತ್ತದೆ. ಅಪರಾಧದ ತೀವ್ರತೆ ಎಷ್ಟೋ ಸಲ ಹುಡುಗನ ಸ್ವಭಾವಕ್ಕಿಂತ ಆ ಕ್ಷಣ ಕೈಗೆ ಸಿಕ್ಕಿದ್ದೇನು ಎಂಬುದರ ಮೇಲೆ ನಿಂತಿರುತ್ತದೆ. ಬಿಡುಗಡೆಯ ಸಮಿತಿ ತೀರ್ಪಿನ ಶೀರ್ಷಿಕೆಯಲ್ಲಿರುವ ಕಲಮನ್ನಷ್ಟೇ ನೋಡಿದರೆ ಈ ವ್ಯತ್ಯಾಸ ಕಾಣಿಸುವುದಿಲ್ಲ.

ಸತ್ತವರ ಮನೆಯವರನ್ನು ಮರೆತು ನಾನಿದನ್ನು ಬರೆಯುತ್ತಿಲ್ಲ. ನಮ್ಮದು ಸಣ್ಣ ಜಿಲ್ಲೆ. ಬಿಡುಗಡೆಯಾದವನು ಮತ್ತು ಮಗನನ್ನು ಕಳೆದುಕೊಂಡವಳು ಗೋಣಿಕೊಪ್ಪದ ಸಂತೆಯಲ್ಲಿ ಎದುರಾಗುವುದು ಇಲ್ಲಿ ನಿಜವಾಗಿ ನಡೆಯಬಹುದಾದ ಸಂಗತಿ. ಆತ ಹೊರಬಂದ ಸುದ್ದಿ ಆಕೆಗೆ ಬಸ್ ನಿಲ್ದಾಣದಲ್ಲಿ ಯಾರಿಂದಲೋ ತಿಳಿಯುವಂತಾಗಬಾರದು. ಮುಂಚಿತವಾಗಿ ತಿಳಿಸಬೇಕು, ಆಕೆಯ ಮಾತನ್ನು ಸಮಿತಿ ಕೇಳಿಸಿಕೊಳ್ಳಬೇಕು, ಭಯವಿದ್ದರೆ ಬಿಡುಗಡೆಯ ಷರತ್ತುಗಳಲ್ಲಿ ಅದಕ್ಕೆ ಉತ್ತರವಿರಬೇಕು. ಕಾನೂನು ಸೇವಾ ಪ್ರಾಧಿಕಾರದ ಮೂಲಕ ಸಿಗಬೇಕಾದ ಪರಿಹಾರ ಅವಳಿಗೆ ಸಿಕ್ಕಿದೆಯೇ ಎಂದು ಅದೇ ಹೊತ್ತಿಗೆ ನೋಡಬೇಕು. ಆಕೆ ಕ್ಷಮಿಸಲೇಬೇಕೆಂದು ಹೇಳುವ ಹಕ್ಕು ನನಗೂ ಇಲ್ಲ, ತಮಗೂ ಇಲ್ಲ. ಆದರೆ ‘ಊರಿಗೆ ಬಂದರೆ ಶಾಂತಿಭಂಗವಾಗುತ್ತದೆ’ ಎಂಬ, ಯಾರನ್ನೂ ಕೇಳದೆ ಠಾಣೆಯಲ್ಲಿ ಕುಳಿತು ಬರೆಯುವ ಸಾಲು ಆಕೆಯ ಮಾತಿಗೆ ಬದಲಿಯಲ್ಲ. ಅದೇ ರೀತಿ, ದೆಹಲಿ ಪ್ರಕರಣದ ನಂತರ ನೇಮಕವಾದ ನ್ಯಾಯಮೂರ್ತಿ ವರ್ಮಾ ಸಮಿತಿ ಕೂಡ ಬಾಲಕರ ವಯೋಮಿತಿಯನ್ನು ಇಳಿಸುವಂತೆ 2013ರಲ್ಲಿ ಶಿಫಾರಸು ಮಾಡಲಿಲ್ಲ ಎಂಬುದನ್ನು, ಈ ವಿಷಯ ಎತ್ತಿದಾಗಲೆಲ್ಲ ಸಿಟ್ಟಾಗುವವರು ನೆನಪಿಡಬೇಕು.

ಅರ್ಹತೆ ಇದ್ದವರನ್ನು, ಅವರು ಅರ್ಜಿ ಹಾಕದಿದ್ದರೂ, ಅವಧಿಪೂರ್ವ ಬಿಡುಗಡೆಗೆ ಪರಿಗಣಿಸುವುದು ನೀತಿ ಇರುವ ರಾಜ್ಯಗಳ ಕರ್ತವ್ಯವೆಂದು ಸುಪ್ರೀಂ ಕೋರ್ಟು 2025ರ ಫೆಬ್ರವರಿಯಲ್ಲಿ ಹೇಳಿದೆ. ಕರ್ನಾಟಕದ ನೀತಿಯಲ್ಲಿ ಬಾಲ್ಯದ ಅಪರಾಧಿಗಳಿಗೆಂದೇ ಒಂದು ಭಾಗ ಸೇರಬೇಕು. ಜೈಲಿಗೆ ಬಂದಾಗ 25ರ ಒಳಗಿನವರೆಲ್ಲರ ವಯಸ್ಸನ್ನು ಮೂಲ ದಾಖಲೆಯಿಂದ ಪರಿಶೀಲಿಸಲು ಗೃಹ, ಶಿಕ್ಷಣ ಮತ್ತು ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಗಳು ಒಟ್ಟಾಗಿ ಕೆಲಸ ಮಾಡಲಿ. ಕೊಡಗಿನ ಮುಚ್ಚಿದ ಶಾಲೆಗಳ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿಸುವುದರಿಂದ ಅದು ಪ್ರಾರಂಭವಾಗಬಹುದು. 21 ತುಂಬಿ ಜೈಲಿಗೆ ಹೋದವರ ವಾರ್ಷಿಕ ವರದಿ ಅಲ್ಲೂ ಮುಂದುವರಿಯಲಿ, ಮೂರು ವರ್ಷಕ್ಕೊಮ್ಮೆ ಅವರ ಬಿಡುಗಡೆಯ ಪರಿಶೀಲನೆ ನಡೆಯಲಿ. ಆ ಸಮಿತಿಯಲ್ಲಿ ಮನೋವಿಜ್ಞಾನ ತಿಳಿದವರೊಬ್ಬರು ಇರಲಿ, ನಿರಾಕರಿಸಿದರೆ ಕಾರಣವನ್ನು ಕನ್ನಡದಲ್ಲಿ ಬರೆದು ಕೈದಿಗೆ ಕೊಡಲಿ. ಪೆರೋಲ್ ವಿಚಾರಣೆಗೆ ಪೊಲೀಸ್ ವರದಿಯೊಂದನ್ನೇ ನೆಚ್ಚದೆ ಪರಿವೀಕ್ಷಣಾಧಿಕಾರಿಯ ವರದಿಯನ್ನೂ ತರಿಸಲಿ, ಭೂಮಿಯಿಲ್ಲದವರಿಗೆ ಪಹಣಿಯ ಜಾಮೀನಿನ ಬದಲು ಸ್ವಂತ ಮುಚ್ಚಳಿಕೆ ಸಾಕೆನ್ನಲಿ. ಮನೆಯೇ ಇಲ್ಲದವನು ಪೆರೋಲಿನ ದಿನಗಳನ್ನು ಕಳೆಯಲು ಜಿಲ್ಲೆಗೊಂದು ಜಾಗ ಬೇಕು. ಹಾಡಿಗಳ ಬಳಿ ಖಾಲಿ ಬಿದ್ದಿರುವ ಸರ್ಕಾರಿ ಕಟ್ಟಡಗಳಿಗೆ ಇಲ್ಲಿ ಕೊರತೆಯಿಲ್ಲ.

ಈ ಪತ್ರದ ಪ್ರತಿಯನ್ನು ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆಯ ಮುಖ್ಯಸ್ಥರಿಗೂ, ಜಿಲ್ಲೆಯ ಇಬ್ಬರು ಶಾಸಕರಿಗೂ, ಕೊಡಗು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಕಳುಹಿಸುತ್ತಿದ್ದೇನೆ. ಹಳೆಯ ರಿಜಿಸ್ಟರುಗಳನ್ನು ಹುಡುಕಿ ಓದುವ ಕೆಲಸಕ್ಕೆ ಇಲಾಖೆ ಜನರನ್ನು ಕೇಳಿದರೆ, ನನ್ನಂತೆ ನಿವೃತ್ತರಾದ ಕೆಲವು ಶಿಕ್ಷಕರು ಸಂಬಳವಿಲ್ಲದೆ ಬರಲು ಒಪ್ಪಿದ್ದಾರೆ.

ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕ ಹಾಗೂ ಅರೆಕಾನೂನು ಸ್ವಯಂಸೇವಕ
ಪೊನ್ನಂಪೇಟೆ ತಾಲ್ಲೂಕು, ಕೊಡಗು